ಎರಡು ತ್ರಿಕೋನಗಳ ಆಚೆಯ ಬೆಟ್ಟ

ಒಂದನೆಯ ಅಥವಾ ಎರಡನೆಯ ತರಗತಿಯ ಮಗುವಿನ ಕೈಗೆ ಒಂದು ಹಾಳೆ, ಒಂದು ಪೆನ್ಸಿಲು ಕೊಟ್ಟು ‘ನಿನಗೆ ತೋಚಿದ ಚಿತ್ರ ಬರೆ’ ಎಂದರೆ ಅದು ಬರೆಯುವ ಚಿತ್ರ ಬಹುಮಟ್ಟಿಗೆ ಒಂದೇ. ಎರಡು ತ್ರಿಕೋನಗಳು, ಅವು ಬೆಟ್ಟ. ಅವುಗಳ ನಡುವೆ ಅರ್ಧ ವೃತ್ತ, ಅದು ಸೂರ್ಯ. ಬುಡದಿಂದ ಹರಿದು ಬರುವ ಎರಡು ಡೊಂಕು ಗೆರೆಗಳು ನದಿ. ದಡದಲ್ಲೊಂದು ಮನೆ, ಮನೆಯ ಪಕ್ಕದಲ್ಲೊಂದು ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿಗಳು. ಬೆಟ್ಟವನ್ನೇ ಕಾಣದ ರಾಯಚೂರಿನ ಬಯಲಿನ ಮಗುವೂ, ತೆಂಗಿನ ಮರ ಬೆಳೆಯದ ಎತ್ತರದ ಹಾಡಿಯ ಮಗುವೂ ಇದನ್ನೇ ಬರೆಯುತ್ತದೆ. ಮನೆಯ ಬಾಗಿಲು ತೆರೆದರೆ ಬೆಟ್ಟವೇ ಎದುರಾಗುವ ವಯನಾಡಿನಲ್ಲಿಯೂ ಈ ಚಿತ್ರಕ್ಕೆ ವಿನಾಯಿತಿ ವಿರಳ.

ಇದು ಮಗು ಕಂಡು ಬರೆದ ಚಿತ್ರವಲ್ಲ. ಬೋರ್ಡಿನಿಂದ ಇಳಿಸಿಕೊಂಡ ಚಿತ್ರ. ಶಿಕ್ಷಕರು ಬರೆದರು, ಮಗು ನಕಲು ಮಾಡಿತು, ಅಚ್ಚುಕಟ್ಟಾಗಿ ಬಣ್ಣ ತುಂಬಿದವರಿಗೆ ‘ಗುಡ್’ ಸಿಕ್ಕಿತು. ಅಲ್ಲಿಗೆ ಕಲಾ ತರಗತಿ ಮುಗಿಯಿತು. ಬಣ್ಣ ಗೆರೆಯಾಚೆಗೆ ಹೋದ ಮಗು ತನಗೆ ಚಿತ್ರ ಬಾರದೆಂದು ಏಳನೆಯ ವಯಸ್ಸಿಗೇ ತೀರ್ಮಾನಿಸಿ, ಆ ತೀರ್ಮಾನವನ್ನು ಬದುಕಿನುದ್ದಕ್ಕೂ ಹೊತ್ತುಕೊಂಡು ಹೋಗುತ್ತದೆ. ನಮ್ಮಲ್ಲಿ ಬಹುಪಾಲು ವಿದ್ಯಾವಂತರು ‘ನನಗೆ ಒಂದು ಗೆರೆ ನೆಟ್ಟಗೆ ಎಳೆಯಲು ಬರುವುದಿಲ್ಲ’ ಎಂದು ನಗುತ್ತ ಹೇಳುವುದರ ಹಿಂದೆ ಇಂತಹ ತರಗತಿಯೊಂದು ಇರುತ್ತದೆ.

ಎಳೆಯ ಮಕ್ಕಳಿಗೆ ಕಲೆಯನ್ನು ಕೈಯಾರೆ ಮಾಡುವ ಕೆಲಸಗಳ ಮೂಲಕ ಕಲಿಸಬೇಕೆಂಬ ಮಾತು ಹೊಸದೇನಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ನಡೆಸಿದ ಪ್ರಯೋಗಗಳ ಕಾಲದಿಂದಲೂ ಕನ್ನಡಕ್ಕೆ ಅದು ಪರಿಚಿತ. ಆದರೆ ಆ ಕೆಲಸ ಯಾವುದು, ಅದನ್ನು ಕಲಿಸುವವರು ಯಾರು, ಅದು ಯಾವ ಮಕ್ಕಳಿಗೆ ಸಲ್ಲಬೇಕು ಎಂಬ ಪ್ರಶ್ನೆಗಳು ಹೆಚ್ಚಾಗಿ ಚರ್ಚೆಗೆ ಬರುವುದಿಲ್ಲ. ಈ ಮೂರು ಪ್ರಶ್ನೆಗಳನ್ನೂ ಒಟ್ಟಿಗೆ ಎದುರಿಗಿಡುವ ನೆಲ ವಯನಾಡು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಗೂ, ಚಾಮರಾಜನಗರದ ಗುಂಡ್ಲುಪೇಟೆಗೂ, ಕೊಡಗಿಗೂ ತಾಗಿಕೊಂಡಿರುವ ಈ ಜಿಲ್ಲೆ ಭಾಷೆಯ ದೃಷ್ಟಿಯಿಂದಲೂ ಕನ್ನಡಕ್ಕೆ ನೆರೆಯದು.

ಅಲ್ಲಿನ ಒಂದು ಹೆಸರನ್ನು ಕನ್ನಡ ಓದುಗರು ಬಲ್ಲರು: ಎಡಕಲ್ಲು. ಭಾರತೀಸುತರ ಕಾದಂಬರಿ ‘ಎಡಕಲ್ಲು ಗುಡ್ಡದ ಮೇಲೆ’ ಮತ್ತು ಅದನ್ನು ಆಧರಿಸಿ 1973ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಚಿತ್ರ ಆ ಹೆಸರನ್ನು ಮನೆಮಾತಾಗಿಸಿದವು. ಅಂಬಲವಯಲಿನ ಸಮೀಪ ಅಂಬುಕುತ್ತಿ ಬೆಟ್ಟದಲ್ಲಿರುವ ಎಡಕಲ್ಲು ಹೆಸರಿಗೆ ಗುಹೆಯಾದರೂ ನಿಜವಾಗಿ ಬಂಡೆಯ ಒಂದು ಸೀಳು. ಆ ಸೀಳಿನ ನಡುವೆ ಮೇಲಿನಿಂದ ಬಿದ್ದು ಸಿಕ್ಕಿಕೊಂಡ ಭಾರೀ ಕಲ್ಲೇ ಅದರ ಚಾವಣಿ. ಎಡೆಯಲ್ಲಿ ಸಿಕ್ಕಿಕೊಂಡ ಕಲ್ಲು ಎಡೆಕಲ್ಲು. ಕನ್ನಡ ಬಲ್ಲವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. 1890ರ ದಶಕದಲ್ಲಿ ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ಈ ಸ್ಥಳವನ್ನು ಹೊರಜಗತ್ತಿನ ಗಮನಕ್ಕೆ ತಂದನು. ಗೋಡೆಗಳ ಮೇಲೆ ಮನುಷ್ಯಾಕೃತಿಗಳು, ಪ್ರಾಣಿಗಳು, ಚಕ್ರಗಳು, ಒಂದನ್ನೊಂದು ಹಾಯ್ದುಹೋಗುವ ಗೆರೆಗಳು. ಅತ್ಯಂತ ಹಳೆಯವು ನವಶಿಲಾಯುಗದವೆಂದು ವಿದ್ವಾಂಸರು ಭಾವಿಸುತ್ತಾರೆ. ಅವು ಬಣ್ಣದ ಚಿತ್ರಗಳಲ್ಲ, ಕಲ್ಲಿನಲ್ಲಿ ಕೊರೆದ ಗೆರೆಗಳು. ಕೊರೆದವರ ಮುಂದೆ ನಕಲು ಮಾಡಲು ಬೋರ್ಡು ಇರಲಿಲ್ಲ; ಕೈಯಲ್ಲಿ ಗಟ್ಟಿಯಾದ ಉಪಕರಣವೊಂದು, ಎದುರಿಗೆ ಮಣಿಯದ ಬಂಡೆ, ಕಣ್ಣಿನಲ್ಲಿ ಕಂಡ ಲೋಕ ಇದ್ದವು.

ಆ ಬೆಟ್ಟದ ಸುತ್ತಮುತ್ತ ಕೈಯ ಅರಿವು ಇಂದಿಗೂ ಪೂರ್ತಿ ಅಳಿದಿಲ್ಲ. ಕರ್ನಾಟಕದಲ್ಲಿ ಬೆಟ್ಟಕುರುಬರೆಂದು ಕರೆಯಲಾಗುವ ಸಮುದಾಯ ವಯನಾಡಿನಲ್ಲಿ ಊರಾಳಿ ಕುರುಮರೆಂದು ಹೆಸರಾಗಿದೆ. ಬುಟ್ಟಿ ಹೆಣೆಯುವುದು, ಮರಗೆಲಸ, ಕಮ್ಮಾರಿಕೆ, ಚಕ್ರದ ನೆರವಿಲ್ಲದೆ ಕೈಯಿಂದಲೇ ಮಡಕೆ ಮಾಡುವುದು ಅವರ ಪರಂಪರೆಯ ಕೌಶಲಗಳು. ಕಾಟ್ಟುನಾಯ್ಕರು ನಮ್ಮ ಜೇನುಕುರುಬರ ಬಳಗಕ್ಕೆ ಸೇರಿದವರು. ಪಣಿಯರೂ ಅಡಿಯರೂ ಕೊಡಗಿನಲ್ಲಿ ಎರವರೆಂಬ ಹೆಸರಿನಲ್ಲಿ ಪರಿಚಿತರು. 2011ರ ಜನಗಣತಿಯ ಪ್ರಕಾರ ವಯನಾಡಿನ 8,17,420 ಜನರಲ್ಲಿ 1,51,443 ಮಂದಿ ಪರಿಶಿಷ್ಟ ಪಂಗಡಗಳಿಗೆ ಸೇರಿದವರು. ಎಂದರೆ ಶೇಕಡಾ 18.5. ಕೇರಳದ ಯಾವ ಜಿಲ್ಲೆಯಲ್ಲಿಯೂ ಈ ಪ್ರಮಾಣ ಇಷ್ಟಿಲ್ಲ. ಸಾಕ್ಷರತೆಗೆ ಹೆಸರಾದ ಆ ರಾಜ್ಯದಲ್ಲಿ ಶಾಲೆಯನ್ನು ನಡುವೆಯೇ ಬಿಡುವ ಮಕ್ಕಳ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವ ಹೆಸರೂ ವಯನಾಡಿನ ಆದಿವಾಸಿ ಮಕ್ಕಳದೇ.

ಇಲ್ಲಿ ಒಂದು ವೈಪರೀತ್ಯವಿದೆ. ಆರು ವರ್ಷದ ಹಾಡಿಯ ಮಗುವಿಗೆ ಯಾವ ಬಳ್ಳಿ ಬಾಗುತ್ತದೆ, ಯಾವುದು ಮುರಿಯುತ್ತದೆ ಎಂಬುದು ಗೊತ್ತು. ತೊರೆಯ ಯಾವ ದಡದ ಮಣ್ಣು ಅಂಟುತ್ತದೆ, ಯಾವುದು ಉದುರುತ್ತದೆ ಎಂಬುದು ಗೊತ್ತು. ಆದರೆ ಶಾಲೆಯ ಹೊಸ್ತಿಲು ದಾಟಿದ ಗಳಿಗೆಯಿಂದ ಈ ತಿಳಿವು ತಿಳಿವಲ್ಲ. ಮನೆಯ ಮಾತು ಪಾಠದ ಮಾತಲ್ಲ. ಮನೆಯ ಕೈಗೆಲಸ ಪಾಠದ ಕೆಲಸವಲ್ಲ. ಮಗು ಅಲ್ಲಿ ಮೊದಲ ದಿನದಿಂದಲೇ ಹಿಂದುಳಿದದ್ದು ಎನಿಸಿಕೊಳ್ಳುತ್ತದೆ. ಕಲಾ ತರಗತಿಯಾದರೂ ಈ ಮಗುವಿಗೆ ತಲೆಯೆತ್ತಲು ಅವಕಾಶ ಕೊಡಬಹುದಾಗಿತ್ತು. ಆದರೆ ಅಲ್ಲಿಯೂ ಬೋರ್ಡಿನ ಮೇಲೆ ಎರಡು ತ್ರಿಕೋನಗಳು ಕಾದಿರುತ್ತವೆ.

ಕೈಯಾರೆ ಮಾಡುವ ಕೆಲಸ ತರಗತಿಯಲ್ಲಿ ಏನನ್ನು ಬದಲಿಸುತ್ತದೆ ಎಂಬುದಕ್ಕೆ ಸಾಮಾನ್ಯವಾದ ಒಂದು ಬುಟ್ಟಿಯನ್ನೇ ತೆಗೆದುಕೊಳ್ಳಬಹುದು. ಬಿದಿರಿನ ಸಿಪ್ಪೆಯ ಅಂಚು ಚಾಕುವಿನಷ್ಟು ಹರಿತ. ಆದ್ದರಿಂದ ಸೀಳುವ ಕೆಲಸ ಹಿರಿಯರದು. ಮಕ್ಕಳ ಕೈಗೆ ಬರುವುದು ಒರೆದು ನಯಮಾಡಿದ ಅಗಲವಾದ ಸೀಳುಗಳು ಅಥವಾ ಮುಳ್ಳು ತೆಗೆದ ಕೇದಗೆಯ ಗರಿಗಳು. ತಳದ ಸೀಳುಗಳನ್ನು ನಕ್ಷತ್ರದಂತೆ ಹರಡಿ, ಒಂದರ ಮೇಲೆ ಒಂದರ ಕೆಳಗೆ ಎಂದು ಎಳೆಯನ್ನು ಸುತ್ತುತ್ತ ಹೋಗಬೇಕು. ನೆಟ್ಟಗೆ ನಿಲ್ಲುವ ಸೀಳುಗಳು ಎಂಟು ಇದ್ದರೆ ಎರಡನೆಯ ಸುತ್ತಿನಲ್ಲಿ ಎಳೆ ಮತ್ತೆ ಅದೇ ದಾರಿಯನ್ನು ಹಿಡಿಯುತ್ತದೆ, ಮೇಲೆ ಹೋದದ್ದರ ಮೇಲೆಯೇ ಹೋಗುತ್ತದೆ, ಹೆಣಿಗೆ ನಿಲ್ಲುವುದಿಲ್ಲ. ಒಂಬತ್ತು ಇದ್ದರೆ ನಿಲ್ಲುತ್ತದೆ. ಸರಿಸಂಖ್ಯೆ ಬೆಸಸಂಖ್ಯೆಗಳ ಭೇದವನ್ನು ಮಗು ಇಲ್ಲಿ ಬಾಯಿಪಾಠ ಮಾಡುವುದಿಲ್ಲ; ಬುಟ್ಟಿ ಬಿಚ್ಚಿಕೊಂಡಾಗ ಕಂಡುಕೊಳ್ಳುತ್ತದೆ. ಕಂಡುಕೊಂಡ ಮಗು ಪಕ್ಕದ ಮಗುವಿಗೆ ಹೇಳುತ್ತದೆ. ಅನೇಕ ವೇಳೆ ಹಾಗೆ ಹೇಳುವ ಮಗು ಲೆಕ್ಕದ ಪೀರಿಯಡ್ಡಿನಲ್ಲಿ ಬಾಯಿ ಬಿಡದ ಮಗುವೇ ಆಗಿರಬಹುದು.

ಮಣ್ಣಿನ ಕೆಲಸವೂ ಹೀಗೆಯೇ. ಹರಳು ಆರಿಸಿ, ನೀರು ಹಾಕಿ, ಮಿದಿದು ಹದಮಾಡಿದ ಮುದ್ದೆಯೊಳಗೆ ಹೆಬ್ಬೆರಳು ಒತ್ತಿದರೆ ಒಂದು ಪುಟ್ಟ ಕುಡಿಕೆ. ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆದರೆ ನೆರಳಿನಲ್ಲಿ ಆರುವಾಗ ಬಿರುಕು ಬಿಡುತ್ತದೆ. ತೆಳು ಬೇಗ ಆರಿತು, ದಪ್ಪ ಆರಲಿಲ್ಲ, ಎರಡರ ನಡುವೆ ಜಗ್ಗಾಟವಾಯಿತು. ಮಗು ಮರುದಿನ ಇನ್ನೊಂದು ಕುಡಿಕೆ ಮಾಡುತ್ತದೆ. ತಪ್ಪು ಮಾಡಿದ್ದಕ್ಕೆ ಬೈಗುಳವೂ ಇಲ್ಲ, ಕೆಂಪು ಶಾಯಿಯೂ ಇಲ್ಲ. ತಪ್ಪನ್ನು ತೋರಿಸಿದ್ದು ಮಣ್ಣು. ಬಣ್ಣಕ್ಕಾಗಿ ಅಂಗಡಿಗೆ ಹೋಗಬೇಕಾಗಿಲ್ಲ. ಕೆಮ್ಮಣ್ಣು, ಇದ್ದಿಲು, ಅರಿಶಿನ, ಎಲೆಯ ರಸ ಇದ್ದರೆ ಆರೆಂಟು ಬಣ್ಣಗಳಾಗುತ್ತವೆ. ತೇಗದ ಎಳೆಯ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಕೈ ಕೆಂಪಾಗುತ್ತದೆ. ಹಳದಿ ಅರಿಶಿನಕ್ಕೆ ಬಿಳಿಯ ಸುಣ್ಣದ ನೀರು ಬಿದ್ದೊಡನೆ ಕೆಂಪು ಹುಟ್ಟುತ್ತದೆ. ಆರತಿಯ ತಟ್ಟೆಯಲ್ಲಿ ದಿನವೂ ನಡೆಯುವ ಈ ಸೋಜಿಗವನ್ನು ಶಿಕ್ಷಣವೆಂದು ಶಾಲೆ ಎಣಿಸಿದ್ದು ಕಡಿಮೆ.

ಇಂತಹ ಶಿಕ್ಷಣಕ್ಕೆ ವಯನಾಡು ಒಂದು ದೊಡ್ಡ ನಿದರ್ಶನವನ್ನು ಕೊಟ್ಟಿದೆ. ಮಲಯಾಳದ ನಾಟಕಕಾರ, ಕಾದಂಬರಿಕಾರ ಕೆ. ಜೆ. ಬೇಬಿ ಅವರು 1994ರಲ್ಲಿ ನಡವಯಲಿನ ಸಮೀಪ ಆದಿವಾಸಿ ಮಕ್ಕಳಿಗಾಗಿ ‘ಕನವು’ ಎಂಬ ಶಾಲೆಯನ್ನು ಆರಂಭಿಸಿದರು. ಕನವು ಎಂದರೆ ಕನಸು. ಹಳಗನ್ನಡ ಓದಿದವರಿಗೆ ಈ ಶಬ್ದವೂ ದೂರದ್ದಲ್ಲ. ಬೇಬಿ ಅವರು ಅದಕ್ಕೆ ಮೊದಲೇ ಅಡಿಯರ ಗದ್ದಿಕ ಎಂಬ ಆಚರಣೆಯನ್ನು ಆಧಾರವಾಗಿಟ್ಟುಕೊಂಡು ‘ನಾಡುಗದ್ದಿಕ’ ನಾಟಕವನ್ನು ರಚಿಸಿ ಊರೂರು ಸುತ್ತಿದ್ದರು. ‘ಮಾವೇಲಿಮನ್ರಂ’ ಕಾದಂಬರಿಗೆ ಕೇರಳ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದರು. ಕನವಿನಲ್ಲಿ ಪರೀಕ್ಷೆಯ ಭಯವಿರಲಿಲ್ಲ. ಮಕ್ಕಳು ತಮ್ಮ ಹಿರಿಯರ ಹಾಡು, ಕುಣಿತಗಳನ್ನು ಕಲಿತರು. ಮಣ್ಣಿನ ಕೆಲಸ, ಬೇಸಾಯ, ಕಳರಿಪಯಟ್ಟು ಕಲಿತರು. ಅವುಗಳ ನಡುವೆಯೇ ಅಕ್ಷರ, ಲೆಕ್ಕ ಕಲಿತರು. ಮುಂದೆ ಅಲ್ಲಿಯೇ ಬೆಳೆದ ತರುಣರಿಗೆ ಶಾಲೆಯ ಹೊಣೆಯನ್ನು ವಹಿಸಿ ಬೇಬಿ ಹಿಂದೆ ಸರಿದರು. 2024ರ ಸೆಪ್ಟೆಂಬರ್ 1ರಂದು ಅವರು ತೀರಿಕೊಂಡರು.

ಕನವು ತೋರಿಸಿಕೊಟ್ಟದ್ದು ಇಷ್ಟು: ಶಾಲೆಗೆ ಒಗ್ಗದವರೆಂದು ಕರೆಯಲಾದ ಮಕ್ಕಳಿಗೆ ನಿಜವಾಗಿ ಒಗ್ಗದಿದ್ದದ್ದು ಕಲಿಕೆಯಲ್ಲ, ತಮ್ಮನ್ನು ಹೊರಗಿಟ್ಟ ಕಲಿಕೆ. ಆದರೆ ಅದನ್ನು ಹಾಡಿಹೊಗಳಿ ಸುಮ್ಮನಾಗುವುದು ಸುಲಭ. ಅಂತಹ ಶಾಲೆ ಒಬ್ಬ ಅಸಾಧಾರಣ ವ್ಯಕ್ತಿಯ ಬದುಕನ್ನೇ ಕೇಳುತ್ತದೆ. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಗೆ ಗಂಟೆ ಬಾರಿಸುವ ವೇಳಾಪಟ್ಟಿ ಇದೆ, ಬಿಸಿಯೂಟದ ಲೆಕ್ಕ ಇದೆ, ಮುಗಿಸಬೇಕಾದ ಪಾಠಗಳಿವೆ. ಹೊರಗಿನ ಪ್ರಯೋಗದಿಂದ ಒಳಗಿನ ವ್ಯವಸ್ಥೆ ಯಾವುದನ್ನು ಎತ್ತಿಕೊಳ್ಳಬಹುದು ಎಂಬುದೇ ಮುಖ್ಯವಾದ ಪ್ರಶ್ನೆ. ಹಾಗೆ ಎತ್ತಿಕೊಳ್ಳುವುದು ಅಸಾಧ್ಯವಲ್ಲವೆಂಬುದಕ್ಕೆ ವಯನಾಡಿನ ಗಡಿಗೆ ಅಂಟಿಕೊಂಡ ಹೆಗ್ಗಡದೇವನಕೋಟೆ ತಾಲ್ಲೂಕೇ ಸಾಕ್ಷಿ. 1995ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಪದ್ಧತಿಯನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಮ್ಮ ಮಕ್ಕಳಿಗೆ ಹೊಂದುವಂತೆ ಕಾರ್ಡುಗಳನ್ನೂ ಹಾಡುಗಳನ್ನೂ ಚಟುವಟಿಕೆಗಳನ್ನೂ ರೂಪಿಸಿದರು. ‘ನಲಿ-ಕಲಿ’ ಹುಟ್ಟಿದ್ದು ಹಾಗೆ. ಕಾಡಂಚಿನ ಒಂದು ತಾಲ್ಲೂಕಿನ ಸಾಮಾನ್ಯ ಶಿಕ್ಷಕರು ಆರಂಭಿಸಿದ್ದು ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು.

ಕೈಕೆಲಸವನ್ನು ಶಾಲೆಗೆ ತರುವ ಉತ್ಸಾಹದಲ್ಲಿ ಎರಡು ಅಪಾಯಗಳನ್ನು ಮರೆಯುವಂತಿಲ್ಲ. ಮೊದಲನೆಯದು ಕುಲಕಸುಬಿನ ಅಪಾಯ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೈಕೆಲಸವನ್ನು ಎಲ್ಲ ಮಕ್ಕಳ ಶಿಕ್ಷಣದ ಕೇಂದ್ರಕ್ಕೆ ತಂದಿತು. ಶಾಂತಿನಿಕೇತನದಲ್ಲಿ ಕಲಿತ ದೇವಿ ಪ್ರಸಾದ್ ಅವರು ಸೇವಾಗ್ರಾಮದಲ್ಲಿ ಮಕ್ಕಳಿಗೆ ಕಲೆ ಕಲಿಸುತ್ತ, ಕಲೆಯೇ ಶಿಕ್ಷಣದ ತಳಹದಿ ಎಂಬ ನಿಲುವಿಗೆ ಬಂದರು. ಆದರೆ 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿಯವರ ಸರ್ಕಾರ ತಂದ ಪ್ರಾಥಮಿಕ ಶಿಕ್ಷಣದ ಯೋಜನೆ ಬೇರೆಯದೇ ದಾರಿ ಹಿಡಿಯಿತು. ಗ್ರಾಮಾಂತರದ ಮಕ್ಕಳಿಗೆ ಶಾಲೆಯ ಅವಧಿಯನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಉಳಿದ ಹೊತ್ತಿನಲ್ಲಿ ಅವರು ಹೆತ್ತವರ ಕಸುಬನ್ನು ಕಲಿಯಲಿ ಎಂಬುದು ಅದರ ತಿರುಳು. ಕುಂಬಾರನ ಮಗ ಕುಂಬಾರನಾಗಿಯೇ ಉಳಿಯಲಿ ಎಂಬ ಯೋಜನೆ ಇದೆಂದು ದೊಡ್ಡ ಪ್ರತಿಭಟನೆ ಎದ್ದಿತು. ಮರುವರ್ಷ ರಾಜಾಜಿ ಅಧಿಕಾರ ಬಿಟ್ಟರು, ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಅಂದು ವಯನಾಡು ಮದ್ರಾಸ್ ರಾಜ್ಯದ ಮಲಬಾರ್ ಜಿಲ್ಲೆಯೊಳಗಿತ್ತು. ಮಂಗಳೂರು, ಕಾಸರಗೋಡುಗಳೂ ಅದೇ ರಾಜ್ಯದಲ್ಲಿದ್ದವು. ಈ ನೆನಪು ನೆಲಕ್ಕೆ ಹೊರಗಿನದಲ್ಲ.

ಆದ್ದರಿಂದ ‘ಆದಿವಾಸಿ ಮಕ್ಕಳಿಗೆ ಬಿದಿರಿನ ಕೆಲಸ, ಉಳಿದವರಿಗೆ ಕಂಪ್ಯೂಟರು’ ಎಂಬ ವಿಂಗಡಣೆ ಒಳ್ಳೆಯ ಮಾತಿನ ವೇಷ ತೊಟ್ಟು ಬಂದರೂ ಅದನ್ನು ಒಪ್ಪಲಾಗದು. ಬುಟ್ಟಿಯನ್ನು ಎಸ್ಟೇಟ್ ಮಾಲೀಕರ ಮಗುವೂ ಹೆಣೆಯಬೇಕು, ಶಿಕ್ಷಕರ ಮಗುವೂ ಹೆಣೆಯಬೇಕು, ಊರಾಳಿ ಕುರುಮರ ಮಗುವೂ ಹೆಣೆಯಬೇಕು. ಒಂದೇ ಚಾಪೆಯ ಮೇಲೆ ಕುಳಿತು. ಆ ಬುಟ್ಟಿ ಮಾರಾಟಕ್ಕೆ ಹೋಗಬಾರದು. ಏಳು ವರ್ಷದ ಮಗುವಿನ ಕೈಕೆಲಸಕ್ಕೆ ಬೆಲೆ ಕಟ್ಟಿದ ದಿನ ಅದು ಕಲಿಕೆಯಾಗಿ ಉಳಿಯುವುದಿಲ್ಲ, ದುಡಿಮೆಯಾಗುತ್ತದೆ. ವಯನಾಡಿನ ತೃಕ್ಕೈಪೆಟ್ಟದಲ್ಲಿ ‘ಉರವು’ ಎಂಬ ಸಂಸ್ಥೆ 1996ರಿಂದ ಬಿದಿರಿನ ಕೆಲಸದಲ್ಲಿ ವಯಸ್ಕರಿಗೆ ತರಬೇತಿ ಕೊಟ್ಟು ಜೀವನೋಪಾಯಕ್ಕೆ ದಾರಿ ಮಾಡಿದೆ. ಅದು ಬೇಕಾದ ಕೆಲಸ. ಪ್ರಾಥಮಿಕ ಶಾಲೆಯ ಕೆಲಸ ಅದಲ್ಲ. ಮಗು ಬಿದಿರನ್ನು ಮುಟ್ಟುವುದು ಬಿದಿರಿನವನಾಗಲಿಕ್ಕಲ್ಲ; ಮುಂದೆ ವೈದ್ಯೆಯೋ ವಕೀಲನೋ ಚಾಲಕನೋ ಆದರೂ ಕೈಯ ಬುದ್ಧಿಯನ್ನು ಗೌರವಿಸುವ ಮನುಷ್ಯನಾಗಲಿಕ್ಕೆ.

ಎರಡನೆಯದು ಪ್ರದರ್ಶನದ ಅಪಾಯ. ಕರ್ನಾಟಕದಲ್ಲಿ ‘ಪ್ರಾಜೆಕ್ಟ್’ ಎಂಬ ಪದ ಕೇಳಿದೊಡನೆ ಹೆತ್ತವರ ನೆನಪಿಗೆ ಬರುವುದು ರಾತ್ರಿ ಹತ್ತು ಗಂಟೆಗೆ ಸ್ಟೇಷನರಿ ಅಂಗಡಿಯಲ್ಲಿ ಹುಡುಕುವ ಥರ್ಮಾಕೋಲ್ ಹಾಳೆ. ತಾಯಿ ಕತ್ತರಿಸುತ್ತಾಳೆ, ತಂದೆ ಅಂಟಿಸುತ್ತಾನೆ, ಮಗು ನಿದ್ದೆಗಣ್ಣಿನಲ್ಲಿ ನೋಡುತ್ತದೆ. ಮರುದಿನ ಶಾಲೆಯ ಮೇಜಿನ ಮೇಲೆ ಮೂವತ್ತು ಬಿಳಿಯ ಜ್ವಾಲಾಮುಖಿಗಳು. ಕೇರಳದಲ್ಲಿ ಈ ಪ್ರದರ್ಶನದ ಆಸೆ ಸ್ಪರ್ಧೆಯ ರೂಪ ತಾಳಿದೆ. 1957ರಲ್ಲಿ ಮೊದಲಾದ ಅಲ್ಲಿನ ರಾಜ್ಯ ಶಾಲಾ ಕಲೋತ್ಸವ ಇಂದು ಅತಿ ದೊಡ್ಡ ಉತ್ಸವ. 2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ನಡೆದ ಕಲೋತ್ಸವದಲ್ಲಿ ಮೊದಲ ಬಾರಿಗೆ ಪಣಿಯ ನೃತ್ಯವೂ ಸೇರಿದಂತೆ ಐದು ಆದಿವಾಸಿ ಕಲೆಗಳು ಸ್ಪರ್ಧೆಯ ಪಟ್ಟಿಗೆ ಬಂದವು. ತಡವಾಗಿ ಬಂದ ಮನ್ನಣೆ, ಸ್ವಾಗತಾರ್ಹವೇ. ಆದರೆ ವೇದಿಕೆ ಏರುವವರು ಕೆಲವೇ ಮಕ್ಕಳು. ಅಂಕ, ಗ್ರೇಡು, ಬಹುಮಾನ ಅವರಿಗೆ. ಒಂದನೆಯ ತರಗತಿಯ ಮೂವತ್ತು ಮಕ್ಕಳಿಗೂ ದಕ್ಕಬೇಕಾದದ್ದು ಮಣ್ಣು ಮೆತ್ತಿದ ಕೈ. ಉತ್ಸವ ಎಷ್ಟೇ ದೊಡ್ಡದಾದರೂ ಆ ಕೆಲಸವನ್ನು ಮಾಡಲಾರದು.

ಇನ್ನು ಕಾನೂನಿನ ಕಡೆ ನೋಡಿದರೆ ಎಳೆಯ ಮಕ್ಕಳನ್ನು ಅದು ಮರೆತೇ ಬಿಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರ ಪ್ರಸ್ತಾಪವಿದೆ. ಆದರೆ ಅದು ಆರರಿಂದ ಎಂಟನೆಯ ತರಗತಿಗಳಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗಳಿಗೆ ಮಾತ್ರ. ಒಂದರಿಂದ ಐದರವರೆಗಿನ ಮಕ್ಕಳ ಪಾಲಿಗೆ ಅಂತಹ ಬೋಧಕರಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಡಗಿ, ಕುಂಬಾರ, ಕಲಾವಿದರ ಬಳಿ ಮಕ್ಕಳು ಕಲಿಯಲೆಂದು ಹತ್ತು ದಿನಗಳ ‘ಚೀಲವಿಲ್ಲದ’ ಅವಧಿಯನ್ನು ಸೂಚಿಸುತ್ತದೆ. ಅದೂ ಆರರಿಂದ ಎಂಟನೆಯ ತರಗತಿಯವರಿಗೇ. ಬೆರಳುಗಳು ಹದಗೊಳ್ಳುವ ವಯಸ್ಸು ಆರು, ಏಳು, ಎಂಟು. ಮಗು ಎರಡು ತ್ರಿಕೋನಗಳನ್ನು ಚೆನ್ನಾಗಿ ರೂಢಿಸಿಕೊಂಡು, ತನಗೆ ಕಲೆ ಬಾರದೆಂದು ನಂಬಿ, ಅಷ್ಟರಲ್ಲಿ ಹಾಡಿಯ ಕೆಲವು ಮಕ್ಕಳು ಶಾಲೆಯನ್ನೇ ತೊರೆದ ಮೇಲೆ ಬರುವ ಕಲಾ ಬೋಧಕ ತಡವಾಗಿ ಬಂದ ಮಳೆಯಂತೆ.

‘ನಾವು ಕಲಾವಿದರಲ್ಲ, ನಮಗೆ ಬಾರದ್ದನ್ನು ಹೇಗೆ ಕಲಿಸುವುದು’ ಎಂಬುದು ಪ್ರಾಥಮಿಕ ಶಿಕ್ಷಕರ ನ್ಯಾಯವಾದ ಅಳಲು. ಇದಕ್ಕೆ ಉತ್ತರ ವಯನಾಡಿನಲ್ಲಿಯೇ ಅರ್ಧ ಸಿದ್ಧವಾಗಿದೆ. ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ 2017ರಿಂದ ‘ಗೋತ್ರಬಂಧು’ ಎಂಬ ಯೋಜನೆ ನಡೆದಿದೆ. ಶಿಕ್ಷಕ ತರಬೇತಿ ಪಡೆದ ಆದಿವಾಸಿ ಸಮುದಾಯಗಳ ಯುವಕ ಯುವತಿಯರನ್ನೇ ಶಾಲೆಗಳಲ್ಲಿ ನೇಮಿಸಿ, ಮನೆಯ ಮಾತಿಗೂ ಪಾಠದ ಮಾತಿಗೂ ನಡುವೆ ಅವರನ್ನು ಸೇತುವೆಯಾಗಿಸುವುದು ಅದರ ಉದ್ದೇಶ. ಅದೇ ಸೇತುವೆಯ ಮೇಲೆ ಹಾಡಿಯ ಹಿರಿಯರೂ ಶಾಲೆಗೆ ಬರಬಹುದು. ಬುಟ್ಟಿ ಹೆಣೆಯುವ ಅಜ್ಜಿ, ಮಣ್ಣಿನ ಹದ ಬಲ್ಲ ಅಜ್ಜ ವಾರಕ್ಕೊಮ್ಮೆ ತರಗತಿಯಲ್ಲಿ ಕುಳಿತರೆ, ಶಿಕ್ಷಕಿ ಅವರ ಪಕ್ಕದಲ್ಲಿ ತಾನೂ ಕಲಿಯುವವಳಾಗಿ ಕುಳಿತರೆ, ಮಕ್ಕಳಿಗೆ ಅದಕ್ಕಿಂತ ದೊಡ್ಡ ಪಾಠ ಬೇರೊಂದಿಲ್ಲ. ಆದರೆ ಅವರನ್ನು ಕರೆಯುವುದು ಕೃಪೆಯಾಗಬಾರದು. ಗೌರವಧನ ಬೇಕು, ಹಾಜರಿ ಪುಸ್ತಕದಲ್ಲಿ ಹೆಸರು ಬೇಕು, ಕುರ್ಚಿ ಬೇಕು. ಮಕ್ಕಳು ಅವರನ್ನು ಗುರುಗಳೆಂದು ಕರೆಯಬೇಕು.

ಉಳಿದದ್ದು ಸಣ್ಣ ಸಣ್ಣ ಏರ್ಪಾಡು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಮಣ್ಣು ಕಲಸುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಆದ್ದರಿಂದ ವಾರಕ್ಕೆ ಎರಡು ಪೀರಿಯಡ್ಡುಗಳನ್ನು ಒಟ್ಟಿಗೆ ಜೋಡಿಸಬೇಕು. ಕೈ ತೊಳೆಯಲು ನೀರು, ಕುಳಿತುಕೊಳ್ಳಲು ಹಳೆಯ ಗೋಣಿಚೀಲ, ಆರಿಸಿದ ವಸ್ತುಗಳಿಗೆ ಒಂದು ಪೆಟ್ಟಿಗೆ ಇದ್ದರೆ ಸಾಕು. ಚೆಂದದ್ದನ್ನು ಮಾತ್ರ ಗೋಡೆಗೆ ಹಾಕುವ ಪದ್ಧತಿ ನಿಲ್ಲಬೇಕು. ಬಿರುಕು ಬಿಟ್ಟ ಕುಡಿಕೆ, ಬಿಚ್ಚಿಕೊಂಡ ಬುಟ್ಟಿಗಳಿಗೂ ಕಪಾಟಿನಲ್ಲಿ ಜಾಗ ಇರಬೇಕು. ಅಂಕ ಕೊಡಬಾರದು. ‘ಇದು ಏನು?’ ಎಂದು ಶಿಕ್ಷಕರು ಕೇಳುವುದಕ್ಕಿಂತ ‘ಇದನ್ನು ಹೇಗೆ ಮಾಡಿದೆ?’ ಎಂದು ಕೇಳುವುದು ಒಳ್ಳೆಯದು. ಮೊದಲ ಪ್ರಶ್ನೆಗೆ ಮಗು ತಡವರಿಸುತ್ತದೆ. ಎರಡನೆಯದಕ್ಕೆ ಅದು ತಾನು ಮಾಡಿದ ಕೆಲಸವನ್ನೇ ಮೊದಲಿನಿಂದ ಕೊನೆಯವರೆಗೆ ಹೇಳಬಹುದು.

ಹಾಗೆ ಬರುವ ಮಾತೇ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಈ ವಿಷಯ ಸಂಬಂಧಿಸುವ ಬಿಂದು. ಭಾಷೆ ಮೊದಲು ಹುಟ್ಟುವುದು ಕೈ ಕೆಲಸ ಮಾಡುವಲ್ಲಿ. ಸೀಳು, ಒರೆ, ಹೆಣೆ, ಮಿದಿ, ತಟ್ಟು, ತಿದ್ದು, ಕೊರೆ ಎಂಬ ಪುಟ್ಟ ಕ್ರಿಯಾಪದಗಳು ನಿಘಂಟಿನಲ್ಲಿ ಒಣಗಿ ಬಿದ್ದಿವೆ. ಒಂದು ಗಂಟೆಯ ಬಿದಿರಿನ ಕೆಲಸದಲ್ಲಿ ಅವೆಲ್ಲ ಮಕ್ಕಳ ನಾಲಿಗೆಯ ಮೇಲೆ ಎದ್ದು ಕೂರುತ್ತವೆ. ಅಲ್ಲಿ ಬೆಟ್ಟಕುರುಬರ ಮಗು ತನ್ನ ಮನೆಯ ಶಬ್ದವೊಂದನ್ನು ಹೇಳಿದರೆ ಅದು ತಪ್ಪು ಉಚ್ಚಾರವಲ್ಲ. ವಸ್ತುವಿಗೆ ಅಂಟಿಕೊಂಡ ನಿಜವಾದ ಹೆಸರು. ಕನ್ನಡದಲ್ಲಿ ಅಕ್ಷರವನ್ನೂ ‘ಬರೆ’ಯುತ್ತೇವೆ, ಚಿತ್ರವನ್ನೂ ‘ಬರೆ’ಯುತ್ತೇವೆ. ಮಲಯಾಳದಲ್ಲಿ ನೆಲದ ಮೇಲೆ ಬಣ್ಣದ ಪುಡಿಯಿಂದ ದೇವತೆಯನ್ನು ಮೂಡಿಸುವ ಕಲೆಗೆ ‘ಕಳಮೆಳುತ್ತು’ ಎಂದು ಹೆಸರು. ಎಳುತ್ತು ಎಂದರೆ ಬರಹ. ಎರಡು ಭಾಷೆಗಳೂ ಗೆರೆ ಮತ್ತು ಅಕ್ಷರವನ್ನು ಒಂದೇ ತಾಯಿಯ ಮಕ್ಕಳೆಂದು ಬಲ್ಲವು. ಅವುಗಳನ್ನು ಬೇರೆ ಬೇರೆ ಪೀರಿಯಡ್ಡುಗಳಿಗೆ ಅಟ್ಟಿ, ಒಂದನ್ನು ಪರೀಕ್ಷೆಯ ವಿಷಯವೆಂದೂ ಇನ್ನೊಂದನ್ನು ಬಿಡುವಿನ ಆಟವೆಂದೂ ಕರೆದದ್ದು ಶಾಲೆ. ನಾಳೆ ಈ ವಿದ್ಯಾರ್ಥಿಗಳಲ್ಲಿ ಹಲವರು ಶಿಕ್ಷಕರಾಗುತ್ತಾರೆ. ಕೆಲವರು ಗಡಿನಾಡಿನ ಶಾಲೆಗಳಿಗೂ ಹೋಗಬಹುದು. ಮಗುವಿನ ಮೊದಲ ಗೆರೆಯನ್ನು ಅದರ ಮೊದಲ ಬರಹವೆಂದು ಓದಬಲ್ಲ ಶಿಕ್ಷಕರು ಆಗ ಬೇಕಾಗುತ್ತಾರೆ.

ಅಂತಹ ಓದಿನ ಅಗತ್ಯ ಎಷ್ಟು ತೀವ್ರವೆಂಬುದನ್ನು ವಯನಾಡು ಈಚೆಗೆ ಕಂಡಿದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟವೇ ಕುಸಿದು ಹರಿಯಿತು. ಇನ್ನೂರೈವತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು ಇಲ್ಲವೆ ಕಾಣೆಯಾದರು. ವೆಳ್ಳಾರ್‌ಮಲೆಯ ಶಾಲೆಯೂ ಮುಂಡಕ್ಕೈಯ ಕಿರಿಯ ಪ್ರಾಥಮಿಕ ಶಾಲೆಯೂ ಮೊದಲಿನಂತೆ ಉಳಿಯಲಿಲ್ಲ. ಸೆಪ್ಟೆಂಬರ್ 2ರಂದು ಆ ಎರಡು ಶಾಲೆಗಳ ಮಕ್ಕಳಿಗಾಗಿ ಮೇಪ್ಪಾಡಿಯಲ್ಲಿ ತರಗತಿಗಳು ಮತ್ತೆ ಆರಂಭವಾದವು. ಅಲ್ಲಿ ಕುಳಿತ ಆರು ವರ್ಷದ ಮಗುವಿಗೆ ಬೆಟ್ಟವೆಂದರೆ ಇನ್ನು ಎರಡು ತ್ರಿಕೋನಗಳಲ್ಲ. ನದಿಯೆಂದರೆ ಎರಡು ಡೊಂಕು ಗೆರೆಗಳಲ್ಲ. ತಾನು ಕಂಡದ್ದನ್ನು ಹೇಳಲು ಅದರ ಬಳಿ ಶಬ್ದಗಳು ಸಾಲವು. ಒಂದು ಮುದ್ದೆ ಮಣ್ಣು ಕೊಟ್ಟರೆ ಅದು ಬೆಟ್ಟವನ್ನು ಮಾಡಬಹುದು, ಒಡೆಯಬಹುದು, ಮತ್ತೆ ಮಾಡಬಹುದು. ಮನೆ ಇದ್ದ ಜಾಗದಲ್ಲಿ ಒಂದು ಕಲ್ಲಿಡಬಹುದು. ಏನನ್ನೂ ಮಾಡದೆ ಮಣ್ಣನ್ನು ಸುಮ್ಮನೆ ಹಿಸುಕುತ್ತ ಕೂರಲೂಬಹುದು.

ಆ ಹೊತ್ತಿನಲ್ಲಿ ಶಿಕ್ಷಕರು ಮಾಡಬೇಕಾದದ್ದು ಹೆಚ್ಚಿಲ್ಲ. ಬೋರ್ಡಿನ ಮೇಲೆ ಸರಿಯಾದ ಬೆಟ್ಟವನ್ನು ಬರೆದು ತೋರಿಸದೆ ಇದ್ದರೆ ಸಾಕು.